ಆವಾರದಲ್ಲೊಂದು ಕಲಾಭವನ

ನಮ್ಮ ಸಂಸ್ಥೆಯ ಆವಾರದಲ್ಲಿ ಒಂದು ಕಲಾಭವನವನ್ನು ಕಟ್ಟಬೇಕೆಂಬ ನಿರ್ಣಯ ಕಳೆದ ವರ್ಷ ಆಯಿತು. ಪ್ರಾಥಮಿಕ ಶಾಲೆಯಿಂದ ಪದವಿ ಕಾಲೇಜಿನವರೆಗೆ ಎಲ್ಲವೂ ಒಂದೇ ಕಂಪೌಂಡಿನೊಳಗಿರುವ ನಮ್ಮಂಥ ಗಡಿಭಾಗದ ಸಂಸ್ಥೆಗೆ ಇದು ಸಣ್ಣ ಸಂಗತಿಯಲ್ಲ. ಕಟ್ಟಡ ಸಮಿತಿಯಲ್ಲಿ ನನ್ನ ಹೆಸರನ್ನೂ ಸೇರಿಸಿದಾಗ ಸಹೋದ್ಯೋಗಿಯೊಬ್ಬರು, "ಕನ್ನಡದ ಮಾಸ್ತರರಿಗೆ ಸಿಮೆಂಟು-ಕಬ್ಬಿಣದ ಲೆಕ್ಕ ಏನು ತಿಳಿಯುತ್ತದೆ?" ಎಂದು ನಕ್ಕರು. ನಾನೂ ನಕ್ಕೆ. ಆದರೆ ಪ್ರಶ್ನೆ ನನ್ನೊಳಗೆ ಉಳಿಯಿತು. ಭಾಷೆಯನ್ನು ಕಲಿಸುವವನು ಕಟ್ಟಡದ ಬಗೆಗೆ ಏನು ಹೇಳಬಲ್ಲ? ಈ ಒಂದು ವರ್ಷದಲ್ಲಿ ಅದಕ್ಕೆ ದೊರೆತ ಉತ್ತರಗಳನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಾದ ನಿಮ್ಮೆದುರು ಇಡುತ್ತಿದ್ದೇನೆ. ಕೊನೆಯಲ್ಲಿ ನಿಮ್ಮಿಂದ ಒಂದು ಕೆಲಸವೂ ಆಗಬೇಕಾಗಿದೆ.

ನಾವಿರುವುದು ಸಿದ್ಧರಾಮೇಶ್ವರನ ನೆಲದಲ್ಲಿ. ಸೊನ್ನಲಿಗೆಯ ಆ ವಚನಕಾರ ಕೆರೆಯನ್ನು ಕಟ್ಟಿದವನು, ಗುಡಿಗಳನ್ನು ಕಟ್ಟಿದವನು. ಅವನು ಕೆರೆಯ ಕೆಲಸದಲ್ಲಿ ಮುಳುಗಿದ್ದಾಗ ಅಲ್ಲಮಪ್ರಭು ಬಂದು, ಕಲ್ಲು-ಮಣ್ಣಿನ ಕೆಲಸದವನೆಂದು ಕೆಣಕಿದ ಪ್ರಸಂಗವನ್ನು ನೀವು ಶೂನ್ಯಸಂಪಾದನೆಯಲ್ಲಿ ಓದಿದ್ದೀರಿ. ಸಾಮಾನ್ಯವಾಗಿ ನಾವು ಆ ಪ್ರಸಂಗವನ್ನು ಅಧ್ಯಾತ್ಮದ ದೃಷ್ಟಿಯಿಂದ ವಿವರಿಸಿ ಮುಂದೆ ಹೋಗುತ್ತೇವೆ. ಸಮಿತಿಯ ಸಭೆಗಳಲ್ಲಿ ಕುಳಿತಾಗ ನನಗೆ ಅದು ಬೇರೆಯಾಗಿ ಕಂಡಿತು. ಕಟ್ಟುವವನೆದುರು ಒಬ್ಬ ಅಲ್ಲಮ ನಿಲ್ಲಬೇಕು. ಇದನ್ನು ಯಾತಕ್ಕಾಗಿ ಕಟ್ಟುತ್ತಿರುವೆ ಎಂದು ಕೇಳಬೇಕು. ಹಾಗೆ ಕೇಳಿದ ಮೇಲೂ ಕೆರೆ ಉಳಿಯಿತು. ಇಂದಿಗೂ ಸೊಲ್ಲಾಪುರದ ನಡುವೆ ಅದು ಇದೆ. ಪ್ರಶ್ನೆಯಿಂದ ಕಟ್ಟಡಕ್ಕೆ ಹಾನಿಯಿಲ್ಲ ಎಂಬುದು ನನ್ನ ಮೊದಲ ಪಾಠ.

ಎರಡನೆಯದು ಹೆಸರಿನ ಸಂಗತಿ. ಸಭೆಯಲ್ಲಿ ಒಬ್ಬರು 'ಆಡಿಟೋರಿಯಮ್' ಎಂದರು, ಇನ್ನೊಬ್ಬರು 'ನಾಟ್ಯಗೃಹ' ಎಂದರು, ನನ್ನ ಬಾಯಲ್ಲಿ 'ರಂಗಮಂದಿರ' ಬಂದಿತು. ಮೂವರೂ ಒಂದೇ ಕಟ್ಟಡದ ಕುರಿತು ಮಾತಾಡುತ್ತಿದ್ದೇವೆಂದು ಮೂವರೂ ತಿಳಿದಿದ್ದೆವು. ಆದರೆ ಪ್ರತಿಯೊಬ್ಬರ ಕಣ್ಣಮುಂದೆ ಬೇರೆ ಚಿತ್ರವಿತ್ತು. ಒಬ್ಬರಿಗೆ ಭಾಷಣದ ಪೀಠ ಮತ್ತು ಸಾಲುಕುರ್ಚಿಗಳು. ಒಬ್ಬರಿಗೆ ಟಿಕೀಟಿನ ಕಿಂಡಿ, ಮೂರನೆಯ ಗಂಟೆ, ಮೇಲೇಳುವ ಪರದೆ. ನನಗೆ ಬಯಲಿನಲ್ಲಿ ಕಂಬ ನೆಟ್ಟು ಎತ್ತರಕ್ಕೆ ಹಲಗೆ ಹಾಸಿದ ದೊಡ್ಡಾಟದ ಅಟ್ಟ. ನಮ್ಮ ಕಡೆಗೆ ದೊಡ್ಡಾಟಕ್ಕೆ ಅಟ್ಟದಾಟವೆಂಬ ಹೆಸರೇ ಇದೆಯಲ್ಲವೆ? ರಂಗಸ್ಥಳದ ಹೆಸರೇ ಆಟದ ಹೆಸರಾಗಿದೆ.

ನಾನು ಒಂದರಿಂದ ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವನು. ಐದನೆಯ ಇಯತ್ತೆಯಿಂದ ಮರಾಠಿ. ಕನ್ನಡ ಶಾಲೆಯಲ್ಲಿ ನಾವು ಹಾಡಿದ್ದು, ಕುಣಿದದ್ದು ಎಲ್ಲವೂ ಅಂಗಳದಲ್ಲಿ, ಬೇವಿನಮರದ ಕೆಳಗೆ. ಮರಾಠಿ ಪ್ರೌಢಶಾಲೆಗೆ ಬಂದಮೇಲೆ ಮೊದಲ ಸಲ ಪರದೆಯ ಹಿಂದೆ ನಿಂತೆ. ಮುಖಕ್ಕೆ ಬೆಳಕು ಬಿದ್ದೊಡನೆ ಎದುರಿಗಿನ ಜನ ಕತ್ತಲಲ್ಲಿ ಕರಗಿಹೋಗುವ ಅನುಭವವನ್ನು ಕಂಡೆ. ಎರಡೂ ನನ್ನವೇ. ಒಂದನ್ನು ಹೆತ್ತ ತಾಯಿ, ಇನ್ನೊಂದನ್ನು ಮಲತಾಯಿ ಎಂದು ಕರೆಯುವ ಗಡಿನಾಡಿನ ಭಾಷಣದ ವಾಡಿಕೆ ನನಗೆ ಒಗ್ಗಿಲ್ಲ. 'ತಾಲೀಮು' ಎಂಬ ಮಾತನ್ನು ನಾನು ಕನ್ನಡದಲ್ಲಿ ಕಲಿತೆನೋ ಮರಾಠಿಯಲ್ಲಿ ಕಲಿತೆನೋ ಇಂದಿಗೂ ಹೇಳಲಾರೆ. ನಮ್ಮ ಹಳ್ಳಿಯ 'ಕಟ್ಟೆ', ಪಕ್ಕದ ಪೇಟೆಯ ಹುಡುಗರ 'ಕಟ್ಟಾ' ಒಂದೇ ಕಲ್ಲಿನವು.

ರಂಗಭೂಮಿಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ಕರ್ನಾಟಕದ ಕಡೆಯಿಂದ ಸಾಂಗಲಿಗೆ ಬಂದ ಭಾಗವತ ಮೇಳದ ಆಟವನ್ನು ನೋಡಿದ ಅಲ್ಲಿಯ ಅರಸ ಚಿಂತಾಮಣರಾವ್ ಪಟವರ್ಧನರು ಅಂಥದೊಂದು ಆಟ ಮರಾಠಿಯಲ್ಲಿಯೂ ಆಗಬೇಕೆಂದು ಬಯಸಿದರು. 1843ರಲ್ಲಿ ವಿಷ್ಣುದಾಸ ಭಾವೆಯವರ 'ಸೀತಾ ಸ್ವಯಂವರ' ಆಡಲ್ಪಟ್ಟಿತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ'ವನ್ನು ಆಡಿಸಿದರು. ಮರಾಠಿ ಕಂಪನಿಗಳು ಕನ್ನಡ ಊರುಗಳಲ್ಲಿ ಮೆರೆಯುತ್ತಿದ್ದುದನ್ನು ಕಂಡು ಶಾಂತಕವಿಗಳು ಗದಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಎಬ್ಬಿಸಿದರು. ಕೊಟ್ಟದ್ದು, ಪಡೆದದ್ದು, ಛಲದಿಂದ ಮತ್ತೆ ಕಟ್ಟಿದ್ದು: ಮೂರೂ ಸೇರಿಯೇ ನಮ್ಮ ರಂಗಭೂಮಿ. ಹರದೇಶಿ-ನಾಗೇಶಿಯ ವಾದದ ಹಾಡುಗಳನ್ನು ಕೇಳಿದವರಿಗೆ ಮರಾಠಿಯ ತುರಾ-ಕಲ್ಗಿ ಹೊಸದೆನಿಸುವುದಿಲ್ಲ. ಆದ್ದರಿಂದ ಈ ಆವಾರದಲ್ಲಿ ಏಳುವ ಭವನ ಎರಡು ಬಗೆಯ ಕಿವಿಗಳಿಗೂ ಎರಡು ಬಗೆಯ ಕುಳಿತುಕೊಳ್ಳುವ ರೂಢಿಗೂ ಎಡೆಮಾಡಿಕೊಡಬೇಕೆಂದು ನಾನು ಬಯಸಿದೆ.

ಮೊದಲನೆಯ ನಕ್ಷೆ ಬಂದಿತು. ಅದನ್ನು ತಂದ ವಾಸ್ತುಶಿಲ್ಪಿ ಚುರುಕಾದ ತರುಣಿ. ಪ್ರತಿಯೊಂದು ಪ್ರಶ್ನೆಯನ್ನೂ ತಾಳ್ಮೆಯಿಂದ ಕೇಳಿಕೊಳ್ಳುವವರು. ನಕ್ಷೆಯಲ್ಲಿ ನೆಲಕ್ಕೆ ಬಿಗಿದ ಐದುನೂರು ಕುರ್ಚಿಗಳಿದ್ದವು, ಒಂದು ತುದಿಗೆ ಪರದೆಯ ವೇದಿಕೆ, ಹವಾನಿಯಂತ್ರಣ, ರಸ್ತೆಯ ಕಡೆಗೆ ಅಂದರೆ ಪಶ್ಚಿಮಕ್ಕೆ ಗಾಜಿನ ಗೋಡೆ. ನೋಡಲು ಚೆಂದ. ನಾನು ನಮ್ಮ ಶಿಪಾಯಿ ಮಾಮಾನನ್ನು ಕರೆದು, ವರ್ಷದಲ್ಲಿ ಎಷ್ಟು ದಿನ ಇಂಥ ಭವನದ ಬಾಗಿಲು ತೆಗೆಯಬೇಕಾದೀತು ಎಂದು ಕೇಳಿದೆ. ಅವನು ಬೆರಳು ಎಣಿಸಿದ. ಸ್ನೇಹಸಮ್ಮೇಳನಕ್ಕೆ ಮೂರು ದಿನ, ಮರಾಠಿ ಭಾಷಾ ದಿನಕ್ಕೆ ಒಂದು, ನಮ್ಮ ಕನ್ನಡ ವಿಭಾಗದ ಕಾರ್ಯಕ್ರಮಕ್ಕೆ ಒಂದು, ಬಹುಮಾನ ವಿತರಣೆಗೆ ಒಂದು, ಯಾರಾದರೂ ದೊಡ್ಡ ಅತಿಥಿಗಳು ಬಂದರೆ ಇನ್ನೊಂದು. ಎರಡು ಕೈಯ ಬೆರಳು ಮುಗಿಯುವ ಮೊದಲೇ ಅವನ ಲೆಕ್ಕ ಮುಗಿಯಿತು. ಉಳಿದ ದಿನಗಳಲ್ಲಿ ಕೀಲಿ ಆಫೀಸಿನ ಮೊಳೆಗೆ ತೂಗುತ್ತಿರುತ್ತದೆ.

ಹಾಗಾದರೆ ಆವಾರದಲ್ಲಿ ಕಲೆ ಎಂಬುದು ವರ್ಷಕ್ಕೆ ಏಳು ದಿನ ಮಾತ್ರ ನಡೆಯುತ್ತದೆಯೆ? ಒಂದು ತಿಂಗಳು ಕಣ್ಣಿಟ್ಟು ಬರೆದುಕೊಂಡೆ. ಮುಂಜಾನೆ ಲೇಜಿಮ್ ಹುಡುಗರು ಕಂಪೌಂಡಿನ ಮೂಲೆಯಲ್ಲಿ. ಯುವ ಮಹೋತ್ಸವದ ತಾಲೀಮು ಸೈಕಲ್ ನಿಲ್ಲಿಸುವ ತಗಡಿನ ಚಾವಣಿಯ ಕೆಳಗೆ. ರಂಗೋಲಿಯ ಹುಡುಗಿಯರು ವರಾಂಡದಲ್ಲಿ, ಅವರ ರಂಗೋಲಿಯ ಮೇಲೆಯೇ ಎಲ್ಲರ ಓಡಾಟ. ಚಿತ್ರಕಲೆಯ ಶಿಕ್ಷಕರು ಪ್ರಯೋಗಶಾಲೆ ಖಾಲಿಯಾಗುವುದನ್ನು ಕಾಯುತ್ತಾರೆ. ಡೊಳ್ಳಿನ ಹಾಡು, ರಿವಾಯತ ಪದ, ಗೀಗೀ ಪದಗಳನ್ನು ಮನೆಯಿಂದಲೇ ಕಲಿತು ಬಂದ ಹುಡುಗರು ನಮ್ಮ ತರಗತಿಯಲ್ಲಿದ್ದಾರೆ; ಅವರು ಹಾಡುವುದು ಬಿಡುವಿನ ವೇಳೆ, ಬೇವಿನಕಟ್ಟೆಯ ಮೇಲೆ. ಕಲೆಗೆ ಬೇಕಾದದ್ದು ಏಳು ದಿನದ ಸಭಾಂಗಣಕ್ಕಿಂತ ಹೆಚ್ಚಾಗಿ ಇನ್ನೂರು ದಿನದ ತಾಲೀಮಿನ ಜಾಗ ಎಂಬುದು ಆ ಪಟ್ಟಿಯಿಂದ ತಾನಾಗಿಯೇ ಹೊರಟಿತು.

ಆ ಪಟ್ಟಿಯಲ್ಲಿ ಬರೆಯಲಾಗದ ಒಂದು ಸಂಗತಿಯಿತ್ತು. ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗದ ನಾಟಕಕ್ಕೆ ಒಬ್ಬ ವಿದ್ಯಾರ್ಥಿನಿಯನ್ನು ಆರಿಸಿದ್ದೆವು. ಕಂಚಿನ ಕಂಠ, ಕನ್ನಡ-ಮರಾಠಿ ಎರಡರಲ್ಲಿಯೂ ಸ್ವಚ್ಛ ಉಚ್ಚಾರ. ಪ್ರಯೋಗಕ್ಕೆ ನಾಲ್ಕು ದಿನವಿದ್ದಾಗ ಅವಳು ಬಿಟ್ಟಳು. ತಾಯಿ ಬಂದು ಹೇಳಿದ ಕಾರಣ ಸರಳವಾಗಿತ್ತು: ವೇಷ ಬದಲಿಸುವುದಕ್ಕೆ ಕಿಟಕಿಗೆ ಪೇಪರು ಅಂಟಿಸಿದ ತರಗತಿಯ ಕೋಣೆ, ಅಲ್ಲಿಂದ ವೇದಿಕೆಗೆ ಬರಲು ಎಲ್ಲರ ನಡುವೆ ಹಾಯ್ದು ಬರಬೇಕು, ಶೌಚಾಲಯ ಮೈದಾನದ ಆಚೆ. ಆ ತಾಯಿಗೆ ನಾಟಕದ ಮೇಲೆ ಸಿಟ್ಟಿರಲಿಲ್ಲ. ಬಾಗಿಲಿಗೆ ಚಿಲಕವಿರಲಿಲ್ಲ, ಅಷ್ಟೇ. ಅಂದಿನಿಂದ ನನಗೆ ಕಲಾಭವನವೆಂದರೆ ಮೊದಲು ನೆನಪಾಗುವುದು ವೇದಿಕೆಯಲ್ಲ, ಚಿಲಕವಿರುವ ಪ್ರಸಾಧನದ ಕೋಣೆ, ಅದಕ್ಕೆ ಹೊಂದಿಕೊಂಡ ಶೌಚಾಲಯ, ಅಲ್ಲಿಂದ ನೇರವಾಗಿ ವೇದಿಕೆಗೆ ತೆರೆಯುವ ಬಾಗಿಲು. ಸಮಿತಿಯಲ್ಲಿ ನಾನು ಬಿಟ್ಟುಕೊಡದೆ ಹಿಡಿದ ಮೊದಲ ಮಾತು ಇದು.

ಎರಡನೆಯ ಮಾತು ಧ್ವನಿಯದು. ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವನ್ನು ನಾವು ಕಾವ್ಯಮೀಮಾಂಸೆಯ ಪಾಠದಲ್ಲಿ ಹೆಸರಿಸಿ ಬಿಡುತ್ತೇವೆ. ಈ ಸಲ ಅದನ್ನು ಕೈಯಲ್ಲಿ ಅಳತೆಯ ಪಟ್ಟಿ ಹಿಡಿದು ಓದಿದೆ. ವಿಕೃಷ್ಟ, ಚತುರಸ್ರ, ತ್ರ್ಯಸ್ರ ಎಂದು ಮೂರು ಆಕಾರಗಳು. ಮನುಷ್ಯರಿಗೆ ತಕ್ಕದ್ದು 64 ಹಸ್ತ ಉದ್ದ, 32 ಹಸ್ತ ಅಗಲ. ಹಸ್ತವನ್ನು ಒಂದೂವರೆ ಅಡಿಯೆಂದು ಹಿಡಿದರೆ 96 ಅಡಿಗೆ 48 ಅಡಿ. ಅದರಲ್ಲಿಯೂ ಅರ್ಧ ಮಾತ್ರ ಪ್ರೇಕ್ಷಕರಿಗೆ. ಇದಕ್ಕಿಂತ ದೊಡ್ಡದಾದರೆ ಮಾತು ಸ್ಪಷ್ಟವಾಗಿ ಕೇಳಿಸದು, ಮುಖದ ಭಾವ ಕಾಣಿಸದು ಎಂಬುದು ಭರತನ ಎಚ್ಚರಿಕೆ. ಐದುನೂರು ಕುರ್ಚಿಯ ನಕ್ಷೆಯೆದುರು ಆ ಎಚ್ಚರಿಕೆ ಇಂದಿನ ಪತ್ರಿಕೆಯಷ್ಟು ಹೊಸದಾಗಿ ಕಂಡಿತು.

ಅದೇ ಎಚ್ಚರಿಕೆಯನ್ನು ವಿಜ್ಞಾನ ಅಳೆದು ತೋರಿಸಿದ್ದು 19ನೆಯ ಶತಮಾನದ ಕೊನೆಯಲ್ಲಿ, ಅದೂ ಒಂದು ವಿದ್ಯಾಸಂಸ್ಥೆಯ ಆವಾರದಲ್ಲಿಯೇ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವು ತನ್ನ ಹೊಸ ಫಾಗ್ ಕಲಾ ಸಂಗ್ರಹಾಲಯದಲ್ಲಿ ಉಪನ್ಯಾಸ ಮಂದಿರವನ್ನು ತೆರೆಯಿತು. ಅಲ್ಲಿ ಆಡಿದ ಮಾತು ಯಾರಿಗೂ ತಿಳಿಯಲಿಲ್ಲ. ಒಂದು ಶಬ್ದ ಆಡಿದ ಮೇಲೆ ಸುಮಾರು ಐದೂವರೆ ಸೆಕೆಂಡು ಅದರ ಅನುರಣನ ಉಳಿಯುತ್ತಿತ್ತು. ವ್ಯಾಲೆಸ್ ಸೆಬೈನ್ ಎಂಬ ತರುಣ ಭೌತವಿಜ್ಞಾನದ ಅಧ್ಯಾಪಕ, ಬೇರೊಂದು ರಂಗಮಂದಿರದ ಮೆತ್ತೆಗಳನ್ನು ರಾತ್ರಿಯ ಹೊತ್ತು ಹೊತ್ತು ತಂದು ಹಾಸಿ, ಎಷ್ಟು ಮೆತ್ತೆಗೆ ಎಷ್ಟು ಅನುರಣನ ಇಳಿಯುತ್ತದೆ ಎಂದು ಅಳೆದ. ಕೋಣೆಯ ಗಾತ್ರ ಹೆಚ್ಚಿದಂತೆ ಅನುರಣನ ಹೆಚ್ಚುತ್ತದೆ, ಧ್ವನಿಯನ್ನು ಹೀರುವ ವಸ್ತು ಹೆಚ್ಚಿದಂತೆ ಕಡಿಮೆಯಾಗುತ್ತದೆ ಎಂಬ ಸೂತ್ರ ಅದರಿಂದ ಹುಟ್ಟಿತು. ಮಾತಿನ ಕೋಣೆಗೆ ಸುಮಾರು ಒಂದು ಸೆಕೆಂಡಿನ ಅನುರಣನ ಸಾಕು. ವಾದ್ಯಮೇಳಕ್ಕೆ ಇನ್ನಷ್ಟು ಸಹ್ಯ.

ಇಲ್ಲಿ ಕನ್ನಡದ ಮಾಸ್ತರನಿಗೆ ಹೇಳುವುದಕ್ಕೆ ಏನೋ ಇತ್ತು. ನಮ್ಮ ಭಾಷೆಯಲ್ಲಿ ಒತ್ತಕ್ಷರ ಅರ್ಥವನ್ನೇ ಬದಲಿಸುತ್ತದೆ. ಕತೆ-ಕತ್ತೆ, ಕಡಿ-ಕಡ್ಡಿ, ಹಳಿ-ಹಳ್ಳಿ. 'ಕತ್ತೆ' ಎನ್ನುವಾಗ ನಾಲಗೆ ಒಂದು ಕ್ಷಣ ಗಾಳಿಯನ್ನು ತಡೆದು ನಿಲ್ಲುತ್ತದೆ; ಆ ಕ್ಷಣದ ಮೌನವೇ ಒತ್ತು. ಅನುರಣನ ಹೆಚ್ಚಾದ ಕೋಣೆಯಲ್ಲಿ ಹಿಂದಿನ ಸ್ವರ ಬಂದು ಆ ಮೌನವನ್ನು ತುಂಬಿಬಿಡುತ್ತದೆ. ಆಗ ಕೊನೆಯ ಸಾಲಿನವನಿಗೆ ಕತ್ತೆಯೂ ಕತೆಯೂ ಒಂದೇ. ಇದನ್ನು ಸಭೆಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಆದರೆ ವಾಸ್ತುಶಿಲ್ಪಿ ನಗುತ್ತಲೇ ಬರೆದುಕೊಂಡರು. ಗಾಜಿನ ಗೋಡೆ, ನುಣುಪಾದ ಗಿಲಾವು, ಹೊಳೆಯುವ ಫರಶಿ, ಇವು ಧ್ವನಿಯನ್ನು ಹೀರುವುದಿಲ್ಲ, ಎಸೆಯುತ್ತವೆ. ಗಾಜಿನ ಗೋಡೆ ನಕ್ಷೆಯಿಂದ ಹೋದದ್ದು ಬಿಸಿಲಿನಿಂದಷ್ಟೇ ಅಲ್ಲ, ಒತ್ತಕ್ಷರದಿಂದಲೂ ಹೌದು.

ಬಿಸಿಲಿನ ಮಾತನ್ನು ಸೊಲ್ಲಾಪುರ ಸೀಮೆಯವರಿಗೆ ವಿವರಿಸಬೇಕಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವ ಊರಲ್ಲಿ ಪಶ್ಚಿಮಕ್ಕೆ ಗಾಜು ಹಾಕಿ, ಒಳಗಿನ ಶಾಖವನ್ನು ಯಂತ್ರದಿಂದ ಹೊರಹಾಕುವುದು, ಕರೆಂಟು ಹೋದಾಗ ಬೆವರುತ್ತ ಕೂರುವುದು ನಮಗೆ ಸಲ್ಲದು. ನಮ್ಮ ಅಜ್ಜಂದಿರ ಮಾಳಿಗೆಯ ಮನೆಗಳು ದಪ್ಪ ಮಣ್ಣಿನ ಗೋಡೆ, ಮಣ್ಣಿನ ಮೇಲ್ಛಾವಣಿ, ಎತ್ತರದ ಸಣ್ಣ ಗವಾಕ್ಷಿಗಳಿಂದ ಹಗಲಿನ ಬಿಸಿಲನ್ನು ಸಂಜೆಯವರೆಗೆ ತಡೆದು ನಿಲ್ಲಿಸುತ್ತಿದ್ದವು. ಅವನ್ನೇ ಮರಳಿ ಕಟ್ಟಬೇಕೆಂದು ನಾನು ಹೇಳುವುದಿಲ್ಲ. ಆದರೆ ಪಶ್ಚಿಮದ ಗೋಡೆ ದಪ್ಪವಾಗಿರಲಿ, ಅದರಾಚೆ ನೆರಳಿನ ಪಡಸಾಲೆ ಇರಲಿ, ಚಿತ್ರಕಲೆಯ ಕೋಣೆಯ ಕಿಟಕಿಗಳು ದಿನವಿಡೀ ಸಮವಾದ ಬೆಳಕು ಬರುವ ಉತ್ತರಕ್ಕಿರಲಿ ಎಂದೆವು. ಅಗ್ಗವೂ ಗಟ್ಟಿಯೂ ಆದ ಶಹಾಬಾದಿ ಫರಶಿ ಎಲ್ಲೆಡೆ ಇರಲಿ, ಕುಣಿಯುವ ಕೋಣೆಯೊಂದನ್ನು ಬಿಟ್ಟು. ಕಲ್ಲಿನ ಮೇಲೆ ದಿನಾಲು ಕುಣಿದರೆ ಮೊಣಕಾಲು ಉಳಿಯುವುದಿಲ್ಲ. ಅಲ್ಲಿ ಕೆಳಗೆ ಸ್ವಲ್ಪ ಟೊಳ್ಳು ಬಿಟ್ಟು ಕೂಡಿಸಿದ ಮರದ ಹಲಗೆಯ ನೆಲ ಬೇಕು.

ಬೇರೆಯವರು ಇದನ್ನು ಹೇಗೆ ಮಾಡಿದ್ದಾರೆಂದು ನೋಡುವುದು ಅವಶ್ಯವಾಗಿತ್ತು. 1930ರಲ್ಲಿ ವಳ್ಳತ್ತೋಳರು ಸ್ಥಾಪಿಸಿದ ಕೇರಳ ಕಲಾಮಂಡಲದಲ್ಲಿ ಕೂತ್ತಂಬಲ ಎದ್ದದ್ದು 1976ರಲ್ಲಿ. ಶಾಲೆ ಮೊದಲು, ರಂಗಮಂದಿರ ನಾಲ್ಕು ದಶಕ ದಾಟಿದ ಮೇಲೆ. ದೇವಸ್ಥಾನದ ಒಳಗಷ್ಟೇ ಇರುತ್ತಿದ್ದ ಕೂತ್ತಂಬಲವೆಂಬ ಪ್ರಕಾರವನ್ನು ಅಪ್ಪುಕುಟ್ಟನ್ ನಾಯರರ ವಿನ್ಯಾಸದಂತೆ ವಿದ್ಯಾರ್ಥಿಗಳ ಆವಾರಕ್ಕೆ ತಂದರು. ಹೆಗ್ಗೋಡಿನಲ್ಲಿ ಇದಕ್ಕೆ ತಿರುಗುಮುರುಗು. 1949ರಲ್ಲಿ ಹುಟ್ಟಿದ ನೀನಾಸಮ್‌ಗೆ 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ ಬಂದಿತು; ರಂಗಶಿಕ್ಷಣ ಕೇಂದ್ರ 1980ರಲ್ಲಿ. ಅಲ್ಲಿ ಊರವರು ಆಡುತ್ತಿದ್ದರು, ಆಟಕ್ಕೆ ಮನೆ ಬಂದಿತು, ಮನೆಯಲ್ಲಿ ಶಾಲೆ ಹುಟ್ಟಿತು. ಶಾಂತಿನಿಕೇತನದಲ್ಲಿ ಮೂರನೆಯ ದಾರಿ. ಕಲಾಭವನದ ವಿದ್ಯಾರ್ಥಿಗಳು 1930ರ ದಶಕದಲ್ಲಿ ತಮ್ಮ ವಸತಿಯ 'ಕಾಲೋ ಬಾಡಿ'ಯನ್ನು ನಂದಲಾಲ್ ಬೋಸ್ ಮತ್ತು ರಾಮಕಿಂಕರ್ ಬೈಜರ ಮಾರ್ಗದರ್ಶನದಲ್ಲಿ ಉಬ್ಬುಶಿಲ್ಪಗಳಿಂದ ತುಂಬಿದರು. ಮಣ್ಣಿನ ಗೋಡೆ, ಮೇಲೆ ಮಳೆಯಿಂದ ಕಾಯಲು ಟಾರು. ಕಲಿಯುವವರ ಕೈ ಗೋಡೆಯ ಮೇಲೆಯೇ ಬಿದ್ದಿತು. ಮೂರು ಕಡೆಯೂ ಹಣ ನಮ್ಮಲ್ಲಿಗಿಂತ ಹೆಚ್ಚಿತ್ತೋ ಕಡಿಮೆಯಿತ್ತೋ ಎಂಬುದಕ್ಕಿಂತ, ಕಟ್ಟಡಕ್ಕಿಂತ ಮೊದಲು ಅಲ್ಲಿ ಆಡುವವರಿದ್ದರು ಎಂಬುದು ನನಗೆ ಮುಖ್ಯವಾಗಿ ಕಂಡಿತು.

ಇಲ್ಲಿಂದ ಕಠಿಣವಾದ ಮಾತಿಗೆ ಬರುತ್ತೇನೆ. ಮೊದಲ ನಕ್ಷೆಯಲ್ಲಿ ಬೇವಿನಕಟ್ಟೆಯ ಮೇಲೂ ಅದರ ಪಕ್ಕದ ಎರಡು ಹಳೆಯ ಕೋಣೆಗಳ ಮೇಲೂ ಕೆಂಪು ಗೀಟು ಬಿದ್ದಿತ್ತು. ಕೆಡವಬೇಕಾದವು ಎಂದು ಅದರ ಅರ್ಥ. ಆ ಎರಡು ಕೋಣೆಗಳಲ್ಲಿ ನಮ್ಮ ಸಂಸ್ಥೆಯ ಕನ್ನಡ ಮಾಧ್ಯಮದ ಒಂದರಿಂದ ನಾಲ್ಕನೆಯ ಇಯತ್ತೆಯ ಮಕ್ಕಳು ಕೂರುತ್ತಾರೆ. ಗೀಟು ಎಳೆದವರಿಗೆ ಕನ್ನಡದ ಮೇಲೆ ದ್ವೇಷವಿರಲಿಲ್ಲ; ಹಳೆಯ ಗೋಡೆ, ಒಳ್ಳೆಯ ಜಾಗ, ಇಳಿಯುತ್ತಿರುವ ಮಕ್ಕಳ ಸಂಖ್ಯೆ, ಇಷ್ಟೇ ಅವರಿಗೆ ಕಂಡದ್ದು. ಸಭೆಯಲ್ಲಿ ಚರ್ಚೆ ಮರಾಠಿಯಲ್ಲಿ ನಡೆಯಿತು, ನಾನೂ ಮರಾಠಿಯಲ್ಲಿಯೇ ಮಾತಾಡಿದೆ. ಕನ್ನಡದ ಮಕ್ಕಳನ್ನು ಎಬ್ಬಿಸಿ ಕಟ್ಟಿದ ಭವನದಲ್ಲಿ ಹತ್ತು ವರ್ಷದ ಮೇಲೆ ಕನ್ನಡದ ನಾಟಕ ಆಡುವವರು ಎಲ್ಲಿಂದ ಬರುತ್ತಾರೆ ಎಂದು ಕೇಳಿದೆ. ಯಾರೂ ತಕ್ಷಣ ಉತ್ತರಿಸಲಿಲ್ಲ. ಆಮೇಲೆ ಮರಾಠಿ ವಿಭಾಗದ ಹಿರಿಯರೊಬ್ಬರೇ ನನ್ನ ಬದಿಗೆ ನಿಂತು, ಕಟ್ಟೆ ಹೋದರೆ ನಮ್ಮ ಭಾರೂಡದ ಹುಡುಗರೂ ಎಲ್ಲಿ ಕೂರಬೇಕು ಎಂದರು.

ಆ ವಾರ ನೆರೆಯ ಹಳ್ಳಿಯ ಡೊಳ್ಳಿನ ಹಾಡಿನ ಅಜ್ಜನನ್ನು ಜಾಗ ನೋಡಲೆಂದು ಕರೆತಂದೆ. ಅವನು ಕಟ್ಟೆಯ ಮೇಲೆ ಕುಳಿತು, ಸುತ್ತ ನೋಡಿ, "ಹಾಡಿಗಿ ಮಾಳಿಗಿ ಬೇಡ್ರಿ ಸರ, ಮಂದಿ ಬೇಕು" ಎಂದ. ಸ್ವಲ್ಪ ತಡೆದು, "ಖರೇ, ಮಳಿ ಬಂದ್ರ ಮಂದಿ ಓಡ್ತಾರ. ಅದಕ್ಕ ಮಾಳಿಗೀನೂ ಇರಲಿ" ಎಂದು ಸೇರಿಸಿದ. ನಮ್ಮ ಸಮಿತಿ ನಾಲ್ಕು ಸಭೆಗಳಲ್ಲಿ ಮುಟ್ಟದ ತೀರ್ಮಾನವನ್ನು ಅಜ್ಜ ಎರಡು ಮಾತಿನಲ್ಲಿ ಮುಟ್ಟಿದ್ದ.

ಎರಡನೆಯ ನಕ್ಷೆ ಆ ಮಾತಿನಂತೆಯೇ ಬಂದಿದೆ. ಒಳಗೆ ಸುಮಾರು ಇನ್ನೂರು ಜನರ, ನೆಲಕ್ಕೆ ಬಿಗಿಯದ ಕುರ್ಚಿಗಳ ಸಣ್ಣ ರಂಗ. ವೇದಿಕೆಯ ಹಿಂಗೋಡೆಯ ಜಾಗದಲ್ಲಿ ಅಗಲವಾದ ಮಡಿಸುವ ಬಾಗಿಲುಗಳು; ಅವನ್ನು ತೆರೆದರೆ ಅದೇ ವೇದಿಕೆ ಹೊರಗೆ ಬೇವಿನಕಟ್ಟೆಗೂ ಅಂಗಳಕ್ಕೂ ಮುಖಮಾಡುತ್ತದೆ. ಊರಿಗೆ ಊರೇ ಬಂದರೂ ಅಂಗಳದಲ್ಲಿ ಕೂರಬಹುದು. ಬದಿಗೆ ದಿನಾಲು ತೆರೆದಿರುವ ತಾಲೀಮಿನ ಕೋಣೆ, ಚಿತ್ರಕಲೆಯ ಕೋಣೆ, ಚಿಲಕವಿರುವ ಪ್ರಸಾಧನದ ಕೋಣೆಗಳು, ಗಾಲಿಕುರ್ಚಿ ಹತ್ತುವ ಇಳಿಜಾರು. ಕಟ್ಟೆ ಉಳಿದಿದೆ. ಹೆಸರಿನ ಫಲಕ ಎರಡೂ ಲಿಪಿಗಳಲ್ಲಿ, ಒಂದೇ ಅಳತೆಯ ಅಕ್ಷರಗಳಲ್ಲಿ ಇರಬೇಕೆಂದು ಒಪ್ಪಿಗೆಯಾಗಿದೆ. ಎರಡು ಹಳೆಯ ಕೋಣೆಗಳೂ ಉಳಿದಿವೆ, ಆದರೆ ಒಂದು ಷರತ್ತಿನೊಂದಿಗೆ: ಅಲ್ಲಿ ಕನ್ನಡ ತರಗತಿಗಳು ನಡೆಯುವವರೆಗೆ ಮಾತ್ರ. ಈ ಷರತ್ತನ್ನು ಅನ್ಯಾಯವೆಂದು ನಾನು ಹೇಳಲಾರೆ. ಖಾಲಿ ಕೋಣೆಯನ್ನು ಯಾವ ಸಂಸ್ಥೆಯೂ ಭಾಷೆಯ ನೆನಪಿಗೆಂದು ಕಾಯ್ದಿಡುವುದಿಲ್ಲ. ಅಲ್ಲಮನ ಪ್ರಶ್ನೆ ಕೊನೆಗೆ ಬಂದು ನಿಂತದ್ದು ಆ ಕೋಣೆಗಳ ಬಾಗಿಲಲ್ಲಿ.

ಆದ್ದರಿಂದ ವಿದ್ಯಾರ್ಥಿಮಿತ್ರರೇ, ನಿಮ್ಮ ಪಾಲಿನ ಕೆಲಸವೆರಡು. ದೀಪಾವಳಿಯ ರಜೆಯಲ್ಲಿ ನಿಮ್ಮ ನಿಮ್ಮ ಊರಿಗೆ ಹೋದಾಗ, ಅಲ್ಲಿ ಇನ್ನೂ ನಡೆಯುವ ಆಟ-ಹಾಡುಗಳ ಸ್ಥಳವನ್ನು ಅಳೆದು ಬರೆದು ತನ್ನಿ: ಆಡುವವರು ಎಷ್ಟು ಜನ, ಅವರಿಗೆ ಬೇಕಾಗುವ ಜಾಗ ಎಷ್ಟು ಹೆಜ್ಜೆ, ಧ್ವನಿವರ್ಧಕವಿಲ್ಲದೆ ಧ್ವನಿ ಎಲ್ಲಿಯವರೆಗೆ ಸ್ಪಷ್ಟ, ಹೆಂಗಸರು ಎಲ್ಲಿ ಕೂರುತ್ತಾರೆ, ಯಾವ ಹೊತ್ತಿಗೆ ಶುರು, ಯಾವಾಗ ಮಂಗಳ. ಮಡಿಸುವ ಬಾಗಿಲಿನ ಅಗಲವೂ ವೇದಿಕೆಯ ಎತ್ತರವೂ ಇನ್ನೂ ನಿಶ್ಚಯವಾಗಿಲ್ಲ. ನಿಮ್ಮ ಅಳತೆಗಳನ್ನು ನೋಡಿಯೇ ನಿಶ್ಚಯಿಸುವುದಾಗಿ ವಾಸ್ತುಶಿಲ್ಪಿ ಮಾತು ಕೊಟ್ಟಿದ್ದಾರೆ. ಎರಡನೆಯದು ಇದಕ್ಕಿಂತ ಸಣ್ಣದೂ ದೊಡ್ಡದೂ ಆದ ಕೆಲಸ. ವಾರಕ್ಕೆ ಒಂದು ಮಧ್ಯಾಹ್ನ ಆ ಎರಡು ಕೋಣೆಗಳಿಗೆ ಹೋಗಿ ಮಕ್ಕಳಿಗೆ ಒಂದು ಹಾಡನ್ನೋ ಒಂದು ಕತೆಯನ್ನೋ ಕಲಿಸಿರಿ. ಶುಕ್ರವಾರದ ಸರದಿಯನ್ನು ನಾನು ನನ್ನ ಹೆಸರಿಗೆ ಬರೆದುಕೊಂಡಿದ್ದೇನೆ. ಉಳಿದ ದಿನಗಳ ಪಟ್ಟಿ ವಿಭಾಗದ ಬಾಗಿಲಿಗೆ ಅಂಟಿಸಿದೆ, ಪೆನ್ನೂ ಅಲ್ಲಿಯೇ ಕಟ್ಟಿದೆ.